ಹೊಳ್ಳು ಅಂದರೆ

ಮಹಾಂತೇಶ, ಅವತ್ತು ಮೇಷ್ಟ್ರು ಬಿದ್ದದ್ದು ನಿನ್ನಿಂದಲ್ಲ, ನನ್ನಿಂದ. ಶೋಭಾ ಕೇಳಿದ ಒಂದು ಪದಕ್ಕೆ ನಾನು ಅರ್ಧ ಅರ್ಥ ಹೇಳಿದೆ — ಬೇಕೆಂದೇ ಹೇಳಿದೆ. ಇಷ್ಟು ವರ್ಷ ಅದನ್ನು ಮರೆವು ಅಂತ ಕರೆದುಕೊಂಡು ಬಂದೆ. ಮರೆವೂ ಅಲ್ಲ, ಮಣ್ಣೂ ಅಲ್ಲ. ಹೊಟ್ಟೆಕಿಚ್ಚು.

ನಿನಗೆ ಎಲ್ಲ ನೆನಪಿರುತ್ತದೆ, ಆದರೂ ಮೊದಲಿಂದ ಹೇಳುತ್ತೇನೆ. ಈಗಲಾದರೂ ಎಲ್ಲೂ ನುಣುಚಿಕೊಳ್ಳಬಾರದು. ರಾಜಾಜಿನಗರದ ಆ ಸಣ್ಣ ಕಂಪನಿಯಲ್ಲಿ ನಾವು ಮಾಡುತ್ತಿದ್ದದ್ದು ಕಣ್ಣು ಕಾಣದವರು ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು. ಹೆಜ್ಜೆ ಎಣಿಸಿಕೊಂಡು, ತಿರುವು ಬಂದ ಕಡೆ ಸಣ್ಣಗೆ ನಡುಗಿ ದಾರಿ ಹೇಳುವಂಥದ್ದು. ಎಡ ಮಗ್ಗುಲು ನಡುಗಿದರೆ ಎಡಕ್ಕೆ, ಬಲ ಮಗ್ಗುಲು ನಡುಗಿದರೆ ಬಲಕ್ಕೆ, ಬೆನ್ನಲ್ಲಿ ನಡುಗಿದರೆ ಬಂದ ದಾರಿಗೇ ವಾಪಸ್. ಒಬ್ಬೊಬ್ಬರ ದಾರಿಗೂ ಬೇರೆ ಬೇರೆ ಪ್ರೋಗ್ರಾಂ ಬರೆಯಬೇಕು. ಬೆಲ್ಟಿನೊಳಗಿನ ಕಂಪ್ಯೂಟರ್ ಚಿಪ್ಪಿನ ಭಾಷೆ ಬರುತ್ತಿದ್ದವನು ಇಡೀ ಆಫೀಸಿಗೆ ನಾನೊಬ್ಬನೇ. ಒಂದು ದಾರಿಗೆ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದೆ, ಎಲ್ಲರೂ ಕಾಯುತ್ತಿದ್ದರು. ಹಾಗೆ ಕಾಯಿಸುವುದರಲ್ಲಿ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ನೀನು ಬಂದೆ. ಬಿಜಾಪುರದ ಕಡೆಯವನು, ಕೆಲಸಕ್ಕೆ ಹೊಸಬ. ಗೋವಿಂದರಾಜನಗರದ ನಮ್ಮ ಮನೆಯ ಮೇಲಿನ ರೂಮನ್ನು ನಿನಗೆ ಬಾಡಿಗೆಗೆ ಕೊಡಿಸಿದವನೂ ನಾನೇ, ನೋಡು. ಬಂದು ಕೆಲವೇ ತಿಂಗಳಲ್ಲಿ ನೀನೊಂದು ಸಾಫ್ಟ್‌ವೇರ್ ಮಾಡಿದೆ. ನೇರ, ಎಡ, ಬಲ, ನಿಲ್ಲು, ಹೊಳ್ಳು — ಇಂಗ್ಲಿಷ್ ಅಕ್ಷರಗಳಲ್ಲಿ ಈ ಕನ್ನಡ ಪದಗಳನ್ನು ಟೈಪ್ ಮಾಡಿದರೆ ಸಾಕು, ಚಿಪ್ಪಿನ ಭಾಷೆಗೆ ಅದೇ ಬದಲಾಯಿಸಿಕೊಳ್ಳುತ್ತಿತ್ತು. ಇನ್ನು ದಾರಿ ಗೊತ್ತಿದ್ದವರು ಯಾರಾದರೂ ಬೆಲ್ಟಿಗೆ ಪ್ರೋಗ್ರಾಂ ಬರೆಯಬಹುದು. ನೀನು ನನ್ನ ಹೆಗಲ ಮೇಲೆ ಕೈ ಹಾಕಿ, ನಿನ್ನ ತಲೆನೋವು ತಪ್ಪಿತು ಮಗಾ ಅಂದೆ. ಪ್ರೀತಿಯಿಂದಲೇ ಅಂದೆ. ನಾನು ನಕ್ಕೆ. ಒಳಗೊಳಗೆ ಮಾತ್ರ, ನನ್ನ ತಲೆನೋವು ನಿನಗ್ಯಾಕೋ ಬೇಕಿತ್ತು ಅಂತ ಉರಿದುಹೋದೆ.

ಮನೆಯಲ್ಲೂ ಅಷ್ಟೇ. ನಮ್ಮ ಕಡೆ ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ನೀನು ಮೊದಲ ದಿನ ಬಾಗಿಲಲ್ಲಿ ನಿಂತು ಅಮ್ಮನಿಗೆ, "ಹೊಳ್ಳಿ ಬರ್ತೇನ್ರಿ ಅವ್ವಾರ" ಅಂದೆ. ಹಾಗಂದ್ರೇನಪ್ಪ ಅಂತ ಅಮ್ಮ ಕೇಳಿದಳು. ನೀನು ಗೇಟಿನ ತನಕ ಹೋಗಿ, ಗಿರಕ್ಕನೆ ಹಿಂದಕ್ಕೆ ತಿರುಗಿ, ನಡೆದು ವಾಪಸ್ ಬಂದು ತೋರಿಸಿದೆ. ಅಮ್ಮ ನಕ್ಕಿದ್ದೇ ನಕ್ಕಿದ್ದು. ಅವತ್ತಿನಿಂದ ಕಾವಲಿಯ ಮೊದಲ ದೋಸೆ ನಿನ್ನ ತಟ್ಟೆಗೆ. ಒಂದು ದೋಸೆಗೂ ಹೊಟ್ಟೆ ಉರಿದುಕೊಂಡವನು ನಾನು... ಇರಲಿ. ಹೊಳ್ಳು ಅಂದರೆ ಏನಂತ ನನಗೆ ಚೆನ್ನಾಗಿ ಗೊತ್ತಿತ್ತು ಅನ್ನುವುದಕ್ಕೆ ಇದನ್ನು ಹೇಳಿದೆ.

ನಿನ್ನ ಸಾಫ್ಟ್‌ವೇರ್ ನಿಜಕ್ಕೂ ಸುಲಭವೇ ಅಂತ ನೋಡಲು ಕಂಪನಿಯ ಬಾಸು ಒಂದು ಪರೀಕ್ಷೆ ಇಟ್ಟರು. ಆಗಷ್ಟೇ ಸೇರಿದ್ದ ಶೋಭಾ ಒಬ್ಬಳೇ ಒಂದು ದಾರಿ ಬರೆಯಬೇಕು, ನಿನ್ನನ್ನು ಏನೂ ಕೇಳುವ ಹಾಗಿಲ್ಲ. ಮೂಡಲಪಾಳ್ಯದಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದ, ಕಣ್ಣು ಕಾಣದ ನಮ್ಮ ಮೇಷ್ಟ್ರು ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿ. ಆ ಹುಡುಗಿ ಮೈಸೂರಿನವಳು. ಹೊಳ್ಳು ಅನ್ನುವ ಪದವನ್ನೇ ಅವಳು ಕೇಳಿರಲಿಲ್ಲ, ಅದಕ್ಕೂ ಅರ್ಥ ಹೇಳಬೇಕು ಅಂತ ನಿನಗೆ ಹೊಳೆದೇ ಇರಲಿಲ್ಲ. ಅವಳು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು.

"ತಿರುಗೋದು ಕಣ್ರೀ, ಅಷ್ಟೇ" ಅಂದೆ.

ಸುಳ್ಳಲ್ಲ — ಅದೇ ನನ್ನ ಜಾಣತನ. ಹಿಂದಕ್ಕೆ ಅನ್ನುವ ಒಂದೇ ಒಂದು ಪದವನ್ನು ನುಂಗಿಕೊಂಡೆ. ಅವಳು ಬಲಕ್ಕೆ ತಿರುಗು ಅನ್ನಬೇಕಾದ ಕಡೆ ಬಲ, ಹೊಳ್ಳು ಅಂತ ಎರಡನ್ನೂ ಬರೆದಳು. ಅದನ್ನು ಸ್ಕ್ರೀನಿನ ಮೇಲೆ ನೋಡಿಯೂ ಸುಮ್ಮನಿದ್ದೆ. ಮೇಷ್ಟ್ರಿಗೆ ಗೊಂದಲವಾಗುತ್ತದೆ, ನಾಲ್ಕು ಜನ ನಗುತ್ತಾರೆ, ನಿನ್ನ ಮುಖ ಸಣ್ಣದಾಗುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಮೇಷ್ಟ್ರ ಪಕ್ಕದಲ್ಲಿ ನಡೆಯುತ್ತಿದ್ದವನು ನಾನು. ಮೂಲೆಯಲ್ಲಿ ಬಲಕ್ಕೆ ತಿರುಗಿದರು, ಸರಿಯಾಗಿಯೇ ತಿರುಗಿದರು. ಎರಡು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನಲ್ಲಿ ನಡುಗಿತು. ಅವರು ಬೆಲ್ಟನ್ನು ನಂಬಿದ್ದರು — ನಮ್ಮನ್ನು ನಂಬಿದ್ದರು. ತಟ್ಟನೆ ಹಿಂದಕ್ಕೆ ತಿರುಗಿ, ಗಲ್ಲಿಯಿಂದ ಬರುತ್ತಿದ್ದ ಸ್ಕೂಟರಿಗೆ ಅಡ್ಡ ಹೋದರು. ತಿರುಗುತ್ತಾರೆ ಅಂತ ಗೊತ್ತಿದ್ದವನು ನಾನು, ನನ್ನ ಕೈ ಮುಂದಾಗಲಿಲ್ಲ. ಬಿದ್ದರು, ಮಣಿಕಟ್ಟು ಮುರಿಯಿತು. ಹಾರ್ಮೋನಿಯಂ ನುಡಿಸುವ ಕೈ.

ಸುಲಭ ಮಾಡಲು ಹೋಗಿ ಹೀಗಾಯಿತು, ಇನ್ನು ಮೇಲೆ ಪ್ರೋಗ್ರಾಂ ಇವನೊಬ್ಬನೇ ಬರೆಯಲಿ ಅಂತ ಬಾಸು ನನ್ನ ಕಡೆ ಕೈ ತೋರಿಸಿದರು. ಶೋಭಾ ನನ್ನನ್ನೇ ನೋಡುತ್ತಿದ್ದಳು. ಹೊಸ ಹುಡುಗಿ, ಬಾಯಿ ಬಿಡಲಿಲ್ಲ. ನಾನು ನೆಲ ನೋಡಿದೆ. ನೀನು ಮಾತ್ರ ಎದ್ದು ನಿಂತು, "ತಪ್ಪು ನಂದ ಐತ್ರಿ ಸರ್. ನಮ್ಮೂರ ಶಬ್ದ ಇಲ್ಲಿ ಹಾಕಬಾರದಿತ್ತು" ಅಂದೆ.

ನಿನ್ನ ಸಾಫ್ಟ್‌ವೇರನ್ನು ಮೂಲೆಗೆ ಹಾಕಿದರು. ಬೆಲ್ಟಿಗಾಗಿ ಕಾಯುತ್ತಿದ್ದವರು ಕಾದೂ ಕಾದೂ ಫೋನ್ ಮಾಡುವುದನ್ನೇ ಬಿಟ್ಟರು, ಆಮೇಲೆ ಆ ಕೆಲಸವೇ ನಿಂತುಹೋಯಿತು. ಮೇಷ್ಟ್ರ ಕೈ ಕೂಡಿಕೊಂಡಿತು, ಆದರೆ ಬೆಲ್ಟನ್ನು ಅವರು ಮತ್ತೆ ಮುಟ್ಟಲಿಲ್ಲ. ನೀನು ರೂಮು ಖಾಲಿ ಮಾಡಿದ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಹೋಗ್ತೇನ್ರಿ ಅಂದೆ. ಅಮ್ಮ ಬಹಳ ಹೊತ್ತು ಗೇಟಿನ ಕಡೆಯೇ ನೋಡುತ್ತಾ ನಿಂತಿದ್ದಳು.

"ಹೊಳ್ಳಿ ಬರ್ತೀನಿ ಅನ್ಲೇ ಇಲ್ವಲ್ಲೋ ಅವನು" ಅಂದಳು.

ಅವತ್ತು ಮೊದಲ ದೋಸೆ ನನ್ನ ತಟ್ಟೆಗೆ ಬಿತ್ತು. ತಿಂದೆ ಕೂಡ.

ಇವತ್ತು ಬೆಳಿಗ್ಗೆ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ, ಯಾಕೆ ಇವತ್ತೇ ಅಂತ ನನಗೂ ಗೊತ್ತಿಲ್ಲ. ದೋಸೆ ಹುಯ್ಯುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೆ ಗ್ಯಾಸ್ ಆರಿಸಿದಳು. ನನ್ನ ಮುಖ ನೋಡದೆ, ಇದನ್ನ ನನಗ್ಯಾಕೆ ಹೇಳ್ತೀಯ, ಅವನಿಗೆ ಹೇಳು ಅಂದಳು.

ಹೇಳಿದ್ದೇನೆ, ಮಹಾಂತೇಶ. ಶೋಭಾಗೂ ಹೇಳುತ್ತೇನೆ. ಮೇಷ್ಟ್ರ ಮನೆಗೆ ನಾಳೆ ಹೋಗುತ್ತೇನೆ.