ಮರಿಗಳಿಗೆ ಅತ್ತೆಯ ಹಳೇ ಸೀರೆ

“ಅಲ್ಲಿ ಮರಿಗಳಿವೆ ಅಂತೀಯ, ಬರಿಗೈಯಲ್ಲಿ ಹೋಗೋಕಾಗತ್ತಾ? ಏನು ತರಬೇಕು ಕೇಳಮ್ಮಾ,” ಎಂದರು ಮೈಸೂರಿನಿಂದ ಬಂದಿದ್ದ ನಮ್ಮತ್ತೆ. ಮಗಳ ಶಾಲೆಯ ರಜೆಗೆ ಹೋಗಬೇಕೆಂದಿದ್ದ, ದೇಶದ ಇನ್ನೊಂದು ತುದಿಯ ಹಿಮಬೆಟ್ಟದಲ್ಲಿರುವ ವನ್ಯಜೀವಿ ಕೇಂದ್ರಕ್ಕೆ ನಾನು ಪರ್ತ್‌ನ ನಮ್ಮ ಮನೆಯಿಂದ ಫೋನ್ ಮಾಡಿದ್ದೆ. ಬಾಳೆಹಣ್ಣು ಒಯ್ಯೋಣವೆಂಬುದು ಅತ್ತೆಯ ಯೋಚನೆ.

ಸಂಕೋಚದಿಂದಲೇ ಕೇಳಿದೆ. ಫೋನಿನಲ್ಲಿದ್ದ ಮಹಿಳೆ ನಗಲಿಲ್ಲ. ತಿನ್ನುವುದೇನೂ ಬೇಡ, ತಾಯಿಯನ್ನು ಕಳೆದುಕೊಂಡ ವಾಂಬ್ಯಾಟ್ ಮರಿಗಳು ಕಾಂಗರೂ ಮರಿಗಳಂತೆ ತಾಯಿಯ ಹೊಟ್ಟೆಚೀಲದಲ್ಲಿ ಬೆಳೆಯುವಂಥವು, ಅದರ ಬದಲಿಗೆ ಬಟ್ಟೆಯ ಚೀಲದಲ್ಲಿ ಮಲಗಿಸುತ್ತೇವೆ, ಅದಕ್ಕೆ ಹತ್ತಿ ಬಟ್ಟೆ ತನ್ನಿ ಎಂದರು. ಹೊಸದಲ್ಲ, ಒಗೆದೊಗೆದು ಮೆತ್ತಗಾದದ್ದು.

ಇದನ್ನು ಕನ್ನಡದಲ್ಲಿ ಹೇಳಿದರೆ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. “ಹಸುಗೂಸಿಗೆ ಹೊಸ ಬಟ್ಟೆ ಯಾರಾದ್ರೂ ಹಾಕ್ತಾರಾ?” ಎನ್ನುತ್ತ ಎದ್ದುಹೋಗಿ, ನನ್ನ ಬೀರುವಿನಿಂದ ತಮ್ಮದೇ ಒಂದು ಹಳೆಯ ಹಸಿರು ಸೀರೆ ತೆಗೆದರು. ಮಗಳು ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ಸುತ್ತಿಕೊಂಡು ತಂದದ್ದು ಅದರಲ್ಲೇ. ಕತ್ತರಿ ಹಾಕಲು ನನಗೆ ಮನಸ್ಸಾಗಲಿಲ್ಲ. ನಿರ್ಧಾರವನ್ನು ಮಗಳಿಗೇ ಬಿಟ್ಟೆವು.

ಅವಳು ಸೀರೆಯನ್ನು ತಲೆಯ ಮೇಲಿಂದ ಹೊದ್ದು ಸ್ವಲ್ಪ ಹೊತ್ತು ಒಳಗೇ ಕುಳಿತಳು. ಆಮೇಲೆ ಒಳಗಿನಿಂದಲೇ, “ಇಟ್ಸ್ ಡಾರ್ಕ್ ಅಂಡ್ ಸಾಫ್ಟ್. ದೇ ವಿಲ್ ಲೈಕ್ ಇಟ್, ಅಜ್ಜಿ,” ಎಂದಳು.

ಹೊರಡಲು ಇನ್ನೂ ಎರಡು ವಾರವಿದೆ, ಅತ್ತೆ ಆಗಲೇ ಚೀಲಗಳನ್ನು ಹೊಲಿದು ಮಡಚಿಟ್ಟಿದ್ದಾರೆ. ಸೆರಗನ್ನು ಮಾತ್ರ ನಾನು ಹಟ ಮಾಡಿ ಉಳಿಸಿಕೊಂಡಿದ್ದೆ. ನಿನ್ನೆ ಬೀರುವಿನಲ್ಲಿ ಹುಡುಕಿದರೆ ಅದು ಇರಲಿಲ್ಲ. ಮಗಳ ದಿಂಬಿನ ಕೆಳಗೆ ಸಿಕ್ಕಿತು. ಅಲ್ಲೇ ಬಿಟ್ಟು ಬಂದೆ.