ಮೂರು ಇಲಾಖೆಗೆ ಒಂದು ಸೂರು

ಜನರನ್ನು ಹೊಂದಿಸಿ ಕೆಲಸ ಮಾಡಿಸುವುದರಲ್ಲಿ ನಾನು ನಿಪುಣನೆಂದು ಕಚೇರಿಯಲ್ಲಿ ಹೆಸರಿದೆ. ಈ ಹೆಸರು ಬಂದ ಮೇಲೆ ನನ್ನ ಪಾಡು ಹೇಳತೀರದು. ಎಲ್ಲಿ ಇಬ್ಬರು ಗುಮಾಸ್ತರು ಮುಖ ತಿರುಗಿಸಿಕೊಂಡರೂ ನನಗೇ ಕರೆ ಬರುತ್ತದೆ. ಹೆಸರು ಬಂದದ್ದು ಹೇಗೆಂದು ನಿಮಗಾದರೂ ಹೇಳಿಬಿಡುತ್ತೇನೆ.

ದುರ್ಗಕ್ಕೆ ಮತ್ತೆ ಪ್ಲೇಗು ಬಂದ ವರ್ಷ. ಇಲಿ ಬಿದ್ದ ಸುದ್ದಿ ಹಬ್ಬಿದೊಡನೆ ಜನ ಮನೆಗಳಿಗೆ ಬೀಗ ಹಾಕಿ ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಸೇರಿದರು. ಅಲ್ಲಿನ ಉಸ್ತುವಾರಿಗೆ ಅಮಲ್ದಾರರು ನನ್ನನ್ನು ಹಾಕಿದರು. ನನ್ನ ಕೈಕೆಳಗೆ, ನಿಜ ಹೇಳಬೇಕೆಂದರೆ ನನ್ನ ತಲೆಯ ಮೇಲೆ, ಮೂವರಿದ್ದರು. ಗುಡಿಸಲು ಕಟ್ಟಿಸಲು ಮುನಿಸಿಪಾಲಿಟಿಯ ಮೇಸ್ತ್ರಿ ತಿಪ್ಪಣ್ಣ, ಔಷಧಿಗೆ ಆಸ್ಪತ್ರೆಯ ಕಾಂಪೌಂಡರ್ ಸೀತಾರಾಮಯ್ಯ, ಕಾವಲಿಗೆ ಪೊಲೀಸು ದಫೇದಾರ್ ಮುದ್ದವೀರಪ್ಪ.

ಬೇರೆ ಬೇರೆಯಾಗಿ ನೋಡಿದರೆ ಮೂವರೂ ಒಳ್ಳೆಯವರೇ, ಒಟ್ಟಿಗೆ ಸೇರಿದರೆ ಮಾತ್ರ ಕೆಲಸ ಸಾಗದು. ನೀರಿನ ಗಾಡಿ ಕಾವಲು ದಾಟಿ ಹೊಂಡಕ್ಕೆ ಹೋಗಿ ಬರಬೇಕು. ಕಾಂಪೌಂಡರ ಅಪ್ಪಣೆಯಿಲ್ಲದೆ ದಫೇದಾರರು ಗಾಡಿ ಬಿಡರು. ದಫೇದಾರರು ಬಂದು ಕೇಳದೆ ಕಾಂಪೌಂಡರು ಅಪ್ಪಣೆ ಕೊಡರು. ಗಾಡಿ ಮೇಸ್ತ್ರಿಯದು, ಅವರಿಬ್ಬರೂ ಮಾತಾಡಿಕೊಳ್ಳುವವರೆಗೆ ಎತ್ತು ಹೂಡುವುದಿಲ್ಲವೆಂದು ಆತ ನೆರಳಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದ. ನೀರು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತಿತ್ತು.

ನಾನು ಮೂವರನ್ನೂ ಹುಣಸೆಮರದಡಿ ಕೂರಿಸಿ ಭಾಷಣ ಮಾಡಿದೆ. ಹಿಂದಿನವರು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದ್ದಾರೆಂದೂ, ಅಂಗಗಳು ಒಂದಕ್ಕೊಂದು ಒದಗಿದರೇ ರಾಜ್ಯವೆಂದೂ ವಿವರಿಸಿದೆ. ಮೇಸ್ತ್ರಿ ಆಕಳಿಸಿದ. ಕಾಂಪೌಂಡರು ಗಡಿಯಾರ ನೋಡಿದರು. ದಫೇದಾರರು ಮಾತ್ರ ಆಸಕ್ತಿಯಿಂದ ಕೇಳಿ, "ಅದರಾಗೆ ಪೊಲೀಸು ಎಷ್ಟನೇದು ಸ್ವಾಮಿ?" ಎಂದರು. ಕಾಂಪೌಂಡರು ಎದ್ದು ಹೋದರು.

ಮರುದಿನವೂ ನೀರು ತಡವಾಯಿತು. ಗೌರವ್ವನೆಂಬ ಮುದುಕಿಯ ಮಗಳು ಹೆತ್ತು ಹಸಿಬಾಣಂತಿಯಾಗಿದ್ದಳು. ಮುದುಕಿ ಖಾಲಿ ಕೊಡ ತಂದು ನನ್ನ ಮುಂದೆ ಕುಕ್ಕಿದಳು. "ಏನಪ್ಪ, ಕೂಸಿನ ಮೈ ತೊಳೆಯಾಕೆ ನೀರಿಲ್ಲ. ನೀವು ನಾಕು ಮಂದಿ ಒಂದ್ಕಡೆ ಕುಂತು ಮಾತಾಡಿದ್ರೆ ನಿಮ್ಮ ಗಂಟೇನು ಹೋಗ್ತೈತೆ?" ಮೂವರನ್ನೂ ಕರೆಸಿದೆ. ಬಂದವರು ತಪ್ಪು ಯಾರದೆಂದು ಜಗಳಕ್ಕೆ ನಿಂತರು. ನನಗಂತೂ ಸಾಕಾಗಿ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಆಗ ಗಾಳಿ ಎದ್ದಿತು. ನಮ್ಮ ಬೆಟ್ಟದ ಕಡೆಯ ಗಾಳಿ ನಿಮಗೆ ಗೊತ್ತಲ್ಲ, ಬಂದರೆ ಹೇಳಿ ಕೇಳಿ ಬರುವುದಿಲ್ಲ. ಗೌರವ್ವನ ಗುಡಿಸಲ ಮಾಡು ಒಂದು ಕಡೆ ಕಿತ್ತುಕೊಂಡು ಮೇಲೆದ್ದಿತು. ಒಳಗೆ ಬಾಣಂತಿ ಚೀರಿದಳು. ನಾಲ್ವರೂ ಓಡಿದೆವು.

"ದಫೇದಾರ್ರೆ, ಆ ಗಳ ಹಿಡೀರಿ! ಬಿಡಬ್ಯಾಡ್ರಿ! ಅಯ್ಯಾ ಕಾಂಪೌಂಡ್ರೆ, ಹಗ್ಗದ ಮ್ಯಾಲೆ ಕುಂತ್ಕಳ್ರಿ!" ಎಂದು ತಿಪ್ಪಣ್ಣ ಕೂಗಿದ. ದಫೇದಾರರು ಪೇಟ ಹಾರಿಹೋದರೂ ಗಳ ಬಿಡಲಿಲ್ಲ. ಸೀತಾರಾಮಯ್ಯನವರು ಕೋಟು ಸಮೇತ ಮಣ್ಣಿನಲ್ಲಿ, ಮಾಡು ಬಿಗಿದ ಹಗ್ಗದ ಮೇಲೆ ಕೂತರು. ಅವರ ತೂಕ ಸರ್ಕಾರಿ ಕೆಲಸಕ್ಕೆ ಒದಗಿದ್ದನ್ನು ನಾನು ಅಂದೇ ಕಂಡದ್ದು. ತಿಪ್ಪಣ್ಣ ಇನ್ನೊಂದು ಗಳಕ್ಕೆ ಜೋತುಬಿದ್ದ. ಹಾರುವ ಧೋತ್ರವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ನಾನೂ ಏನನ್ನೋ ಎಳೆಯುತ್ತಿದ್ದೆ.

ಗಾಳಿ ಬೇಗ ನಿಲ್ಲಲಿಲ್ಲ. ಯಾರೂ ಕೈ ಬಿಡುವಂತಿರಲಿಲ್ಲ, ಎದ್ದು ಹೋಗುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇದ್ದೆವು. ಒಳಗೆ ಕೂಸು ಅಳುತ್ತಿತ್ತು. ಆ ಅಳು ಕೇಳುತ್ತ ದಫೇದಾರರು ಯಾರಿಗೆಂದಿಲ್ಲದೆ ಹೇಳಿದರು: "ಹೋದ ಸಲದ ಮಾರೀಲಿ ನನ್ನ ತಂಗಿ ಮನೆಯೋರು, ತಡೆಯಾಕೆ ಕಾವಲಿಲ್ಲ ಅಂತ ತಿರುಗಿ ಊರೊಳಕ್ಕೆ ಹೋದ್ರು. ಆಮ್ಯಾಕೆ ಆ ಮನೆ ಬಾಗಿಲು ತೆಗೆಯಾಕೆ ಒಬ್ರೂ ಉಳೀಲಿಲ್ಲ. ಅದಕ್ಕೇ ಸ್ವಾಮಿ, ನೀರಿನ ಗಾಡಿ ಬಿಡಾಕೂ ನಂಗೆ ಭಯ, ಕಾವಲು ಬಿಟ್ಟು ಅಪ್ಪಣೆ ಕೇಳಾಕೆ ಬರಾಕೂ ಭಯ."

ಸೀತಾರಾಮಯ್ಯನವರು ಹಗ್ಗದ ಮೇಲಿಂದಲೇ ದಫೇದಾರರತ್ತ ತಿರುಗಿ, "ಇದನ್ನ ಮೊದಲೇ ಹೇಳಬಾರದಿತ್ತೇನಯ್ಯ? ನಾಳೆಯಿಂದ ಬೆಳಗ್ಗೆ ನಾನೇ ಕಾವಲಿನ ಹತ್ತಿರ ಬಂದು ಗಾಡಿ ಬಿಡಿಸ್ತೀನಿ" ಎಂದರು.

"ಹಂಗಾದ್ರೆ ನಾನೂ ಹೊತ್ತು ಮೂಡಾದ್ರೊಳಗೆ ಎತ್ತು ಹೂಡ್ತೀನಿ ಬಿಡ್ರಿ," ಎಂದ ತಿಪ್ಪಣ್ಣ.

ಮರುದಿನ ಎಳೆಬಿಸಿಲಿಗೇ ನೀರು ಬಂತು. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಮೂವರ ಜಗಳ ನಿಂತಿತೆಂದು ಮಾತ್ರ ತಿಳಿಯಬೇಡಿ. ಮೊದಲು ಬೇರೆ ಬೇರೆ ಮರದಡಿ ಕೂತು ಬೈದುಕೊಳ್ಳುತ್ತಿದ್ದವರು ಈಗ ಒಂದೇ ಮರದಡಿ ಕೂತು, ಒಂದೇ ಎಲೆಯಡಿಕೆ ಚೀಲಕ್ಕೆ ಕೈ ಹಾಕಿ ಬೈದುಕೊಳ್ಳತೊಡಗಿದರು. ಮಾರಿ ಇಳಿದು ಜನ ಮನೆಗೆ ಮರಳಿದಾಗ ಗೌರವ್ವ ಮೊಮ್ಮಗುವನ್ನು ತಂದು ಮೂವರ ಕೈಗೂ ಕೊಟ್ಟು ಇಸಿದುಕೊಂಡಳು. ಮೂವರನ್ನೂ ಹೊಂದಿಸಿದವನೆಂಬ ಹೆಸರು ಮಾತ್ರ ನನಗೆ ಬಂತು.

ಈಗ ಇಬ್ಬರು ಗುಮಾಸ್ತರು ಮಾತು ಬಿಟ್ಟರೆ ನಾನು ಏಳು ಅಂಗಗಳ ಸುದ್ದಿಗೆ ಹೋಗುವುದಿಲ್ಲ. ಅಷ್ಟು ತ್ರಾಣವೂ ಉಳಿದಿಲ್ಲ. ಕಚೇರಿಯಲ್ಲಿ ತೇಗದ ದೊಡ್ಡದೊಂದು ಬೀರು ಇದೆ, ಒಬ್ಬರಿಂದ ಅಲ್ಲಾಡದು. ಅದನ್ನು ಆ ಗೋಡೆಗೆ ಸರಿಸಿ ಎಂದು ಇಬ್ಬರಿಗೂ ಹೇಳಿ ಕಣ್ಣು ಮುಚ್ಚಿ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ, "ನಿಮ್ಮ ಕಡೆ ಕೊಂಚ ಎತ್ತಿ" ಎಂಬ ಮಾತು ಕಿವಿಗೆ ಬೀಳುತ್ತದೆ. ಬೀರು ಇಷ್ಟರಲ್ಲಿ ಕಚೇರಿಯ ಎಲ್ಲ ಗೋಡೆಗಳನ್ನೂ ನೋಡಿ ಬಂದಿದೆ.