ಚಂದ್ರು ಆಣೆ ಮುರಿದಿರಲಿಲ್ಲ

ಗಿರಿಜಮ್ಮ, ನಿಮ್ಮ ಗಂಡ ಸಿಗರೇಟು ಸೇದುತ್ತಿದ್ದ ಎಂದು ನಾನು ಹೇಳಿದ್ದು ಸುಳ್ಳು. ಆರು ವರ್ಷದ ಹಿಂದೆ ಫೋನಿನಲ್ಲಿ ನೀವು ಕೇಳಿದಿರಿ, ನಾನು ಸುಳ್ಳು ಹೇಳಿದೆ. ಕುವೈತಿನಲ್ಲಿದ್ದ ಹನ್ನೆರಡು ವರ್ಷದಲ್ಲಿ ಚಂದ್ರು ಒಂದು ಸಿಗರೇಟನ್ನೂ ತುಟಿಗಿಟ್ಟವನಲ್ಲ. ಸೇದುತ್ತಿದ್ದವನು ನಾನು. ಅವನು ಮಲಗುತ್ತಿದ್ದ ಕೋಣೆಯಲ್ಲೇ, ಅವನ ಮಂಚದಿಂದ ನಾಲ್ಕು ಅಡಿ ಆಚೆ ಕೂತು, ದಿನಕ್ಕೆ ಎರಡು ಪ್ಯಾಕು.

ಇಷ್ಟನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಬಾಯಿ ನನಗೆ ಗೊತ್ತು — ಎಂಥ ಇಕ್ಕಟ್ಟಿನಲ್ಲೂ ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುವ ಬಾಯಿ ಅದು. ನಿಮ್ಮ ದನಿ ಕೇಳಿದ ಕೂಡಲೇ ಮತ್ತೆ ಏನೋ ಸುತ್ತಿ ಬಳಸಿ ಹೇಳಿಬಿಡುತ್ತೇನೆ. ಅದಕ್ಕೇ ಕಾಗದ. ಬರೆದದ್ದರ ಫೋಟೋ ತೆಗೆದು ನಿಮ್ಮ ಫೋನಿಗೆ ಕಳಿಸುತ್ತೇನೆ. ಅಕ್ಷರ ಕೆಟ್ಟದಾಗಿದೆ, ನಿಧಾನವಾಗಿ ಓದಿ.

ಅವನು ಬಂದ ಮೊದಲ ವಾರವೇ ಆಣೆಯ ವಿಷಯ ನನಗೆ ಹೇಳಿದ್ದ. ನಾನು ಪ್ಯಾಕು ಮುಂದೆ ಹಿಡಿದಿದ್ದೆ, ಊರಿನವನು ಸಿಕ್ಕಿದ ಖುಷಿಗೆ. ‘ಬೇಡ ನಾಗಣ್ಣ, ಮಗಳ ತಲೆ ಮುಟ್ಟಿ ಆಣೆ ಮಾಡಿ ಬಂದಿದೀನಿ’ ಅಂದ. ನಿಮ್ಮ ತಂದೆ ಬೀಡಿ ಸೇದಿ ಸೇದಿ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೋದದ್ದನ್ನೂ, ಹೊರಡುವ ದಿನ ನೀವು ಆರು ವರ್ಷದ ಸುಮಾಳನ್ನು ದೇವರ ಮುಂದೆ ಕೂರಿಸಿ ಅವನ ಕೈಯನ್ನು ಅವಳ ನೆತ್ತಿಯ ಮೇಲೆ ಇಡಿಸಿದ್ದನ್ನೂ ಹೇಳಿದ. ‘ಹೆಂಡ್ತಿಗೆ ಹೆದರೋ ಗಂಡು’ ಎಂದು ನಾನು ರೇಗಿಸಿದೆ. ‘ಹೂಂ ಕಣಪ್ಪ, ಹೆದರ್ತೀನಿ’ ಅಂತ ನಕ್ಕ. ಹಾಗೆ ನಗುವವರನ್ನು ರೇಗಿಸಿ ಏನು ಸುಖ? ಮತ್ತೆ ನಾನು ಅವನ ಮುಂದೆ ಪ್ಯಾಕು ಹಿಡಿಯಲಿಲ್ಲ. ಆದರೆ ಅವನ ಮುಂದೆ ಸೇದುವುದನ್ನು ಬಿಡಲೂ ಇಲ್ಲ.

ನಾವಿಬ್ಬರೂ ಇದ್ದ ಮಹಬೂಲಾದ ಆ ಕೋಣೆಯನ್ನು ನೀವು ನೋಡಿಲ್ಲ. ಒಂದೇ ಕಿಟಕಿ. ಅದಕ್ಕೂ ಎ.ಸಿ. ಕೂರಿಸಿ, ಸುತ್ತ ಉಳಿದ ಸಂದಿಗೆ ರಟ್ಟು ತುರುಕಿ, ಮರಳಿನ ಧೂಳು ಬಾರದ ಹಾಗೆ ಟೇಪು ಅಂಟಿಸಿದ್ದೆವು. ಎರಡು ಮಂಚ, ನಡುವೆ ಒಂದು ಸ್ಟೂಲು. ಅವನು ಎ.ಸಿ. ಮೆಕ್ಯಾನಿಕ್ ಅಲ್ಲವೇ, ಶುಕ್ರವಾರ ಬೆಳಿಗ್ಗೆ ನಮ್ಮ ಎ.ಸಿ.ಯ ಜಾಲರಿ ಬಿಚ್ಚಿ ಬಕೆಟ್ಟಿನಲ್ಲಿ ತೊಳೆಯುತ್ತಿದ್ದ. ನೀರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ‘ನಾಗಣ್ಣ, ಬಾ, ನಿನ್ನ ಚಾ ರೆಡಿ’ ಎಂದು ಕರೆಯುತ್ತಿದ್ದ. ನಾನು ಹೋಗಿ ನೋಡಿ, ‘ಸಕ್ಕರೆ ಹಾಕಿದೀಯೇನೋ’ ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ವಾರದ ಹೊಗೆ ಆ ಬಕೆಟ್ಟಿನಲ್ಲಿ ಕಣ್ಣಿಗೆ ಕಾಣುತ್ತಿತ್ತು. ಅವನ ಎದೆಯಲ್ಲೂ ಅದೇ ಇರಬಹುದಲ್ಲ ಎಂದು ನನಗೆ ಒಂದು ಶುಕ್ರವಾರವೂ ಅನ್ನಿಸಲಿಲ್ಲ — ಅನ್ನಿಸಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅನ್ನಿಸಿದಾಗ ಇನ್ನೊಂದು ಹಚ್ಚಿಕೊಳ್ಳುತ್ತಿದ್ದೆ.

ಅವನು ಕೇಳಲಿಲ್ಲ ಎಂದು ತಿಳಿಯಬೇಡಿ. ಕೇಳಿದ್ದ. ಒಂದು ಜುಲೈ ತಿಂಗಳು, ಮಧ್ಯಾಹ್ನದ ಊಟದ ಮೇಲೆ, ‘ನಾಗಣ್ಣ, ಮೆಟ್ಲ ಹತ್ರ ಹೋಗಿ ಸೇದ್ಬಾರ್ದಾ? ಯಾಕೋ ಗಂಟ್ಲು ಕಟ್ತದೆ’ ಅಂದ. ‘ಐವತ್ತು ಡಿಗ್ರಿ ಬಿಸ್ಲು ಕಣೋ, ಆಚೆ ಹಾಕಿ ಒಣಗ್ಸಕ್ಕೆ ನಾನೇನು ಹಪ್ಪಳವಾ?’ ಅಂದೆ. ಅವನು ನಕ್ಕ. ಅವನು ನಕ್ಕರೆ ಆ ವಿಷಯ ಮುಗಿಯಿತು ಎಂದು ನನ್ನ ಲೆಕ್ಕ. ಮುಖಕ್ಕೆ ಟವೆಲ್ಲು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಮತ್ತೆ ಕೇಳಲಿಲ್ಲ.

ಕೆಮ್ಮು ಶುರುವಾದ ಮೇಲೂ ನಾಲ್ಕೈದು ತಿಂಗಳು ಆಸ್ಪತ್ರೆಗೆ ಹೋಗಲಿಲ್ಲ. ಟಿ.ಬಿ. ಅಂದು ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದು ಮಾಡಿ ಊರಿಗೆ ಅಟ್ಟಿಬಿಡುತ್ತಾರೆ ಎಂಬ ಹೆದರಿಕೆ ಇಲ್ಲಿ ಎಲ್ಲರಿಗೂ ಇದೆ. ‘ಧೂಳಿಗೆ ಕಣೋ, ಎಲ್ಲಾರ್ಗೂ ಐತೆ’ ಎಂದು ಧೈರ್ಯ ಹೇಳಿದವನೂ ನಾನೇ. ಕಫದಲ್ಲಿ ರಕ್ತ ಕಂಡ ದಿನ ಕರೆದುಕೊಂಡು ಹೋದೆ. ಸ್ಕ್ಯಾನು, ಸೂಜಿ ಚುಚ್ಚಿ ತೆಗೆದ ಪರೀಕ್ಷೆ, ಎಲ್ಲ ಆಗಿ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರು ಕೇರಳದವರು, ನಮ್ಮ ಜೊತೆ ಹಿಂದಿಯಲ್ಲಿ ಮಾತಾಡಿದರು. ದಿನಕ್ಕೆ ಎಷ್ಟು ಸೇದುತ್ತೀರಿ ಎಂದು ಚಂದ್ರುವನ್ನು ಕೇಳಿದರು. ಇವನು ಒಂದೂ ಇಲ್ಲ ಅಂದ. ಅವರು ನನ್ನ ಕಡೆ ತಿರುಗಿದರು. ನನ್ನ ಅಂಗಿಯ ವಾಸನೆ ಅವರಿಗೆ ಬಡಿದಿರಬೇಕು. ಒಂದೇ ರೂಮಾ ಎಂದರು. ಹೌದು ಅಂದೆ. ರೂಮಿನೊಳಗೆ ಸೇದುತ್ತೀರಾ ಎಂದರು.

‘ಇಲ್ಲ ಡಾಕ್ಟರ್, ಯಾವಾಗಲೂ ಹೊರಗೆ’ ಅಂದೆ.

ಚಂದ್ರು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಅಲ್ಲ ಎನ್ನಲಿಲ್ಲ. ಡಾಕ್ಟರು ಆಮೇಲೆ ನಿಧಾನವಾಗಿ ಹೇಳಿದರು — ಈ ಕಾಯಿಲೆಗೆ ದೊಡ್ಡ ಕಾರಣ ಸಿಗರೇಟೇ, ಸೇದದವರಿಗೂ ಬರುವುದುಂಟು, ಬೇರೆಯವರ ಹೊಗೆಯನ್ನು ವರ್ಷಗಟ್ಟಲೆ ಕುಡಿದವರಿಗೆ ಬರುವ ಸಂಭವ ಹೆಚ್ಚು, ಆದರೆ ಒಬ್ಬ ರೋಗಿಯನ್ನು ತೋರಿಸಿ ಇವನಿಗೆ ಇದರಿಂದಲೇ ಬಂತು ಎಂದು ಗೆರೆ ಎಳೆದು ಹೇಳಲಾಗದು. ಆ ಕೊನೆಯ ಮಾತು ನನಗೆ ಬಹಳ ಇಷ್ಟವಾಯಿತು. ಎಷ್ಟೋ ವರ್ಷ ಅದನ್ನೇ ಹೊದ್ದು ಮಲಗಿದೆ. ಗೆರೆ ಎಳೆಯಲಾಗದು ಎಂದರೆ ನಾನಲ್ಲ ಎಂದು ಅರ್ಥವಲ್ಲ ಅಂತ ಗೊತ್ತಿದ್ದೂ.

ಇನ್ನು ಆ ಫೋನು. ಅವನು ಕೆಲಸ ಬಿಟ್ಟು ಚಿಕಿತ್ಸೆಗೆಂದು ಊರಿಗೆ ಬಂದು ಐದು ತಿಂಗಳಾಗಿತ್ತು. ನಾನು ಶುವೈಖ್‌ನಲ್ಲಿ, ನಮ್ಮ ಬಿಡಿಭಾಗಗಳ ಗೋಡೌನಿನ ಶಟರಿನ ನೆರಳಲ್ಲಿ ನಿಂತಿದ್ದೆ. ಮಧ್ಯಾಹ್ನದ ಬಿಡುವು. ಕೈಯಲ್ಲಿ ಸಿಗರೇಟು. ನಿಮ್ಮ ನಂಬರು ನೋಡಿ, ಹೋಗಿಬಿಟ್ಟನೇನೋ ಎಂದುಕೊಂಡೆ. ಎತ್ತಿದರೆ ಅವನದೇ ದನಿ, ತೀರಾ ಸಣ್ಣಗೆ. ‘ನಾಗಣ್ಣ, ಸ್ಪೀಕರ್ ಹಾಕಿದೀನಿ. ಇವ್ಳು ನನ್ನ ಮಾತು ನಂಬ್ತಾ ಇಲ್ಲ. ನೀನೇ ಒಂದ್ಸಲ ಹೇಳ್ಬಿಡು.’

ಆಮೇಲೆ ನೀವು ಮಾತಾಡಿದಿರಿ. ಆಸ್ಪತ್ರೆಯಲ್ಲಿ ಸಿಗರೇಟಿನಿಂದ ಬರುವ ಕಾಯಿಲೆ ಅಂದರಂತೆ. ರಜೆಗೆ ಬಂದಾಗಲೆಲ್ಲ ಸೂಟ್‌ಕೇಸು ತೆಗೆದರೆ ಅವನ ಬಟ್ಟೆ ಹೊಗೆ ನಾರುತ್ತಿತ್ತಂತೆ, ನನ್ನದಲ್ಲ ಎಂದು ಅವನು ಹೇಳಿದ್ದನ್ನು ಇಷ್ಟು ವರ್ಷ ನಂಬಿದ್ದಿರಂತೆ. ‘ಅಣ್ಣ, ನಿಮ್ಮನ್ನ ಒಡಹುಟ್ಟಿದೋರು ಅಂದ್ಕೊಂಡು ಕೇಳ್ತಿದೀನಿ. ನಿಜ ಹೇಳಿ. ಅವ್ರು ಅಲ್ಲಿ ಸೇದ್ತಿದ್ರಾ?’

ಇಲ್ಲ ಅಂದಿದ್ದರೆ ನಿಮ್ಮ ಮುಂದಿನ ಪ್ರಶ್ನೆ ಏನಿರುತ್ತಿತ್ತು ಎಂದು ನನಗೆ ತಿಳಿದಿತ್ತು. ಹಾಗಾದರೆ ಆ ವಾಸನೆ ಯಾರದ್ದು ಅಣ್ಣ? — ಆ ಪ್ರಶ್ನೆ ಬರದ ಹಾಗೆ ಮಾಡಬೇಕಿತ್ತು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನಾನು ಹೆಂಡತಿ ಕಳೆದುಕೊಂಡವನು, ಮಕ್ಕಳಿಲ್ಲ. ಊರಿಗೆ ಬಂದರೆ ನನಗೆ ಎಲೆ ಹಾಕುತ್ತಿದ್ದ ಮನೆ ನಿಮ್ಮದೊಂದೇ. ಅದು ತಪ್ಪಿಹೋಗುತ್ತದಲ್ಲ ಎಂದು — ಇಲ್ಲ, ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ನಾನು ಎಷ್ಟು ಸಣ್ಣವನಾಗಿದ್ದೆ ಎಂದು ನಿಮಗೆ ಗೊತ್ತಾಗಲಿ ಅಂತ ಬರೆದೆ.

‘ಇಲ್ಲಿ ಸೇದ್ದೆ ಇರೋರು ಯಾರಮ್ಮ’ ಅಂದೆ. ‘ಅವ್ನೂ ಯಾವಾಗ್ಲಾದ್ರೂ ಒಂದೊಂದು. ಹೋಗ್ಲಿ ಬಿಡಿ, ಈಗ ಕೇಳಿ ಏನು.’

ಅವನ ಉಸಿರು ಕೇಳುತ್ತಿತ್ತು. ನಾಗಣ್ಣ, ಯಾಕೆ ಸುಳ್ಳು ಹೇಳ್ತೀಯ ಎಂದು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಬಹುಶಃ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ಅವನು ಸ್ವಲ್ಪ ಕೆಮ್ಮಿ, ‘ಊಟ ಆಯ್ತಾ ನಾಗಣ್ಣ?’ ಅಂದ. ಆಯಿತು ಅಂದೆ. ‘ಸರಿ, ಇಡ್ತೀನಿ’ ಅಂದ. ಹತ್ತೊಂಬತ್ತನೆಯ ದಿನ ಅವನು ಹೋದ ಸುದ್ದಿ ಬಂತು.

ಆ ದಿನವೂ ನಾನು ಸೇದಿದೆ, ಗಿರಿಜಮ್ಮ. ಅದಾಗಿ ಒಂದು ವರ್ಷಕ್ಕೆ ಬಿಟ್ಟೆ. ಬಿಟ್ಟದ್ದು ದೊಡ್ಡಸ್ತಿಕೆಯಲ್ಲ. ಕಂಪನಿಯವರು ಎದೆಯ ಎಕ್ಸ್‌ರೇ ತೆಗೆಸಿದರು. ನಿನ್ನ ಶ್ವಾಸಕೋಶ ಸ್ವಚ್ಛವಾಗಿದೆ, ಹೋಗು ಎಂದು ಆ ಟೆಕ್ನಿಷಿಯನ್ ಬೆನ್ನು ತಟ್ಟಿದ. ಹೊರಗೆ ಬಂದು ಜೇಬಿನಲ್ಲಿದ್ದ ಪ್ಯಾಕನ್ನು ಹಚ್ಚಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಬಸ್ಸಿನಲ್ಲಿ ಸೀಟಿನ ಮೇಲೆ ಬಿಟ್ಟು ಇಳಿದೆ.

ಮಹಬೂಲಾದ ಕೋಣೆಯಲ್ಲಿ ಅವನ ಮಂಚಕ್ಕೆ ಬೇರೆಯವರನ್ನು ಹಾಕುತ್ತೇವೆ ಅಂದರು. ನನಗೆ ಆಗಲಿಲ್ಲ. ಅಬು ಹಲೀಫಾದಲ್ಲಿ ಒಬ್ಬನೇ ಇರುವಂಥ ಒಂದು ಪುಟ್ಟ ಕೋಣೆ ಹಿಡಿದೆ. ಅಂಗಡಿಗೆ ಹೋದರೆ ಹಿಂದಿ, ಗೋಡೌನಿನಲ್ಲಿ ಅರಬ್ಬಿ, ಮನೆಗೆ ಬಂದರೆ ಏನೂ ಇಲ್ಲ. ಕೆಲವು ದಿನ ಕನ್ನಡದ ಒಂದು ಮಾತೂ ಬಾಯಿಂದ ಬಂದಿರುವುದಿಲ್ಲ. ಅನ್ನ ಬಸಿಯುವಾಗ ಕೈ ಸುಟ್ಟುಕೊಂಡರೆ ‘ಅಯ್ಯೋ’ ಅನ್ನುತ್ತೇನೆ, ಅದೇ ಕನ್ನಡ. ನನ್ನ ತಮಾಷೆಗಳಿಗೆ ನಗುತ್ತಿದ್ದವನು ಒಬ್ಬನೇ ಇದ್ದ. ಈ ಆರು ವರ್ಷದಲ್ಲಿ ಎರಡು ಸಲ ಊರಿಗೆ ಬಂದಿದ್ದೆ, ನಿಮಗೆ ತಿಳಿಸಲಿಲ್ಲ. ಅಕ್ಕನ ಮನೆಯಲ್ಲಿದ್ದು, ನಿಮ್ಮ ಬೀದಿ ತಪ್ಪಿಸಿ ಓಡಾಡಿ ವಾಪಸು ಬಂದೆ.

ಹೀಗೇ ಇದ್ದು ಸಾಯುತ್ತಿದ್ದೆನೋ ಏನೋ. ಹೋದ ವಾರ ನೀವು ಫೋನು ಮಾಡಿದಿರಿ. ಸುಮಾಳಿಗೆ ಎರಡನೆಯ ಸಲವೂ ಬಸಿರು ನಿಲ್ಲಲಿಲ್ಲ ಅಂದಿರಿ. ಶಾಸ್ತ್ರ ಕೇಳಿಸಿದ್ದಕ್ಕೆ, ಅವಳ ತಲೆ ಮುಟ್ಟಿ ಮಾಡಿದ ಆಣೆ ಮುರಿದಿದೆ, ಅದರ ದೋಷ ಎಂದರಂತೆ. ಮನೆದೇವರಿಗೆ ತಪ್ಪುಕಾಣಿಕೆ ಕಟ್ಟಬೇಕು. ‘ತಪ್ಪನ್ನ ಪೂರ್ತಿ ಹೇಳ್ಕೊಂಡು ಕಟ್ಬೇಕಂತೆ ಅಣ್ಣ. ಅವ್ರು ಯಾವ ವರ್ಷದಿಂದ ಶುರು ಮಾಡಿದ್ರು? ಒಂದು ಅಂದಾಜು ಹೇಳಿದ್ರೂ ಸಾಕು.’

‘ನೆನಪಿಲ್ಲಮ್ಮ, ನೋಡಿ ಹೇಳ್ತೀನಿ’ ಅಂದೆ ನಾನು. ಎಲ್ಲಿ ನೋಡಿ ಹೇಳುವುದು? ಫೋನಿಟ್ಟು ಕೂತವನಿಗೆ ಸಂಜೆಯವರೆಗೂ ಏಳಲಾಗಲಿಲ್ಲ. ಮಾಡದ ತಪ್ಪಿಗೆ ಅವನು ದೇವರ ಮುಂದೆ ತಪ್ಪಿತಸ್ಥನಾಗುತ್ತಾನೆ. ಆ ಹುಡುಗಿ ತನ್ನಪ್ಪನೇ ತನ್ನ ತಲೆಯ ಮೇಲೆ ಕೇಡು ಇಟ್ಟು ಹೋದ ಎಂದುಕೊಂಡು ಬದುಕುತ್ತಾಳೆ. ಇನ್ನೊಂದು ಸಲ ಬಸಿರಾದರೆ ಒಂಬತ್ತು ತಿಂಗಳೂ ಅದೇ ಭಯದಲ್ಲಿರುತ್ತಾಳೆ. ಇಷ್ಟು ಮಾಡಿದ್ದು ನನ್ನ ಒಂದು ವಾಕ್ಯ.

ನಿನ್ನೆ ಸುಮಾಳಿಗೆ ಫೋನು ಮಾಡಿದೆ. ಮೊದಲು ಅವಳಿಗೇ ಹೇಳಬೇಕು ಅನ್ನಿಸಿತು, ತಲೆ ಅವಳದು. ಎಲ್ಲ ಹೇಳಿದೆ, ಈ ಸಲ ಒಂದೂ ತಮಾಷೆ ಮಾಡಲಿಲ್ಲ. ‘ಹಾಗಾದ್ರೆ ನನ್ನ ತಲೆ ಮೇಲೆ ಏನೂ ಇಲ್ಲ ಅಲ್ವಾ ಅಂಕಲ್?’ ಅಂದಳು. ಇಲ್ಲ ಮಗಳೇ ಅಂದೆ. ನಿನ್ನಪ್ಪ ಕೊಟ್ಟ ಮಾತು ಕೊನೆವರೆಗೂ ನಡೆಸಿದ ಅಂದೆ. ಅತ್ತಳು. ಇಡುತ್ತಾಳೆ ಎಂದುಕೊಂಡೆ, ಇಡಲಿಲ್ಲ.

‘ನೀವು ಹಾಗೆ ಹೇಳಿದ್ಮೇಲೆ ಅಮ್ಮ ಅಪ್ಪನ್ ಹತ್ರ ಮಾತು ಬಿಟ್ಬಿಟ್ರು ಅಂಕಲ್’ ಅಂದಳು. ‘ಗಂಜಿ ಕುಡಿಸ್ತಿದ್ರು, ಮೈ ಒರೆಸ್ತಿದ್ರು, ಮಗ್ಗುಲು ತಿರುಗಿಸ್ತಿದ್ರು. ಮಾತು ಮಾತ್ರ ಆಡ್ಲಿಲ್ಲ. ಅಪ್ಪ ಹೋಗೋವರ್ಗೂ ಆಡ್ಲಿಲ್ಲ. ಈಗ ಇದನ್ನ ಅಮ್ಮಂಗೆ ನಾನು ಹೇಗೆ ಹೇಳ್ಲಿ? ನೀವೇ ಹೇಳಿ.’

ಅದು ನನಗೆ ತಿಳಿದಿರಲಿಲ್ಲ. ಕೇಳಿದ ಮೇಲೆ ಈ ಕಾಗದ ಬರೆಯುವುದೇ ಬೇಡ ಅನ್ನಿಸಿತು. ಮಗಳ ಹೆದರಿಕೆ ಹೇಗೂ ಹೋಯಿತು, ತಾಯಿಗಾದರೂ ಯಾಕೆ ಈ ನೋವು — ನೋಡಿ, ಮತ್ತೆ ಅದೇ ಬುದ್ಧಿ, ಜಾರಿಕೊಳ್ಳಲು ಹೊಸ ದಾರಿ. ನೀವು ಮಾತು ಬಿಟ್ಟದ್ದು ಸುಳ್ಳುಗಾರನೊಬ್ಬನ ಮೇಲಿನ ಸಿಟ್ಟಿಗೆ. ಆ ಸುಳ್ಳುಗಾರ ಕುವೈತಿನಲ್ಲಿದ್ದ. ನಿಮ್ಮ ಮುಂದೆ ಮಲಗಿದ್ದವನು ನಿಮಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಆ ಹತ್ತೊಂಬತ್ತು ದಿನ ನಾನು ನಿಮ್ಮಿಬ್ಬರಿಂದ ಕಿತ್ತುಕೊಂಡದ್ದು, ಅದನ್ನು ತಿರುಗಿ ಕೊಡುವುದು ನನ್ನಿಂದಾಗದು. ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಎಂದು ಹೇಳುವ ಯೋಗ್ಯತೆಯೂ ನನಗಿಲ್ಲ. ಬೈಯಬೇಕಾದವನು ಯಾರೆಂದು ತಿಳಿಸಬಲ್ಲೆ, ಅಷ್ಟೇ.

ಗುರುವಾರದ ವಿಮಾನಕ್ಕೆ ಟಿಕೆಟ್ ಆಗಿದೆ. ಶುಕ್ರವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಡಿ, ನೀರೂ ಕೊಡಬೇಡಿ. ಸುಮಾ ಇರಲಿ, ನಿಮ್ಮ ಅಣ್ಣತಮ್ಮಂದಿರು ಬರುವುದಿದ್ದರೆ ಬರಲಿ. ಅಂಗಳದಲ್ಲಿ ನಿಂತು ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಮನೆದೇವರ ಹತ್ತಿರ ಕರೆದುಕೊಂಡು ಹೋದರೆ ಅಲ್ಲೂ ಹೇಳುತ್ತೇನೆ. ತಪ್ಪುಕಾಣಿಕೆ ಕಟ್ಟುವಾಗ ಪೂಜಾರಪ್ಪ ಹೆಸರು ಕೇಳಿದರೆ ನಿಮ್ಮ ಗಂಡನದು ಹೇಳಬೇಡಿ. ನನ್ನದು ಹೇಳಿ.